ಸೇತುವೆ ಬಿಡದ ರಂಗೋಲಿ

ಸ್ಕ್ರೋಲ್ ಸಾ ಅನ್ನುವ ಮರ ಕೊರೆಯುವ ಯಂತ್ರದ ಮುಂದೆ ಕೂತರೆ ನನಗೆ ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಒಂದು ಮಂಪರು ಹತ್ತುತ್ತದೆ. ದಾರದಷ್ಟು ತೆಳ್ಳನೆಯ ಗರಗಸ ಹೊಲಿಗೆ ಯಂತ್ರದ ಸೂಜಿಯ ಹಾಗೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಅದು ಇದ್ದಲ್ಲೇ ಇರುತ್ತದೆ. ನಾವು ಹಲಗೆಯನ್ನು ತಿರುಗಿಸುತ್ತ ಹೋಗಬೇಕು. ಸಣ್ಣಗೆ ಗುಂಯ್ ಅನ್ನುವ ಸದ್ದು, ಬೆರಳ ತುದಿಯಲ್ಲಿ ನಡುಕ, ಕಿಟಕಿಯ ಬಿಸಿಲಲ್ಲಿ ತೇಲುವ ಮರದ ಹುಡಿ. ಸ್ವಲ್ಪ ಹೊತ್ತಿಗೆ ಎಲ್ಲಿದ್ದೇನೆ ಅನ್ನುವುದೇ ಮರೆತುಹೋಗುತ್ತದೆ. ಆಗ ಯಾರಾದರೂ ಮಾತಾಡಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಈ ಹುಚ್ಚು ಹಿಡಿದದ್ದು ಕೆಲಸದಿಂದ ನಿವೃತ್ತಳಾದ ಮೇಲೆ. ನಮ್ಮ ಬೋರ್‌ವೆಲ್ ಮೋಟಾರು ಸುಟ್ಟುಹೋಗಿ, ತಿಪಟೂರು ಪೇಟೆಯ ರಿವೈಂಡಿಂಗ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಭಾಯಿ ಹಿಂದಿನ ಶೆಡ್ಡಿನಲ್ಲಿ ಕೂತು ತೇಗದ ಚೂರಿನಲ್ಲಿ ಬಳ್ಳಿ ಕೊರೆಯುತ್ತಿದ್ದರು. ಗಿರಾಕಿ ಬಂದು ನಿಂತರೂ ತಲೆ ಎತ್ತಲಿಲ್ಲ. ಜಗಳ ಆಡೋಣ ಅಂತ ಹತ್ತಿರ ಹೋದವಳು ಆ ಬಳ್ಳಿ ನೋಡುತ್ತ ಸುಮ್ಮನೆ ನಿಂತುಬಿಟ್ಟೆ. "ಕೂತ್ಕೊಳ್ಳಿ ಮೇಡಂ, ನೀವೂ ಒಂದು ಗೆರೆ ಹೊಡೀರಿ" ಅಂದರು. ಅವತ್ತು ಕೂತವಳು ಇನ್ನೂ ಎದ್ದಿಲ್ಲ. ಚಿಕ್ಕನಾಯಕನಹಳ್ಳಿ ಕಡೆಯ ಬಸ್ ಕಂಡಕ್ಟರ್ ಒಬ್ಬರಿಗೂ ಇದೇ ಹುಚ್ಚು. ಭಾನುವಾರ ಮಧ್ಯಾಹ್ನ ನಾವು ಮೂವರೂ ಆ ಶೆಡ್ಡಿನಲ್ಲಿ ಸೇರುತ್ತೇವೆ. ಬ್ಲೇಡು ಸರಿಯಾಗಿ ಬಿಗಿದಿದೆಯಾ ಅಂತ ತಂತಿ ಮೀಟಿದ ಹಾಗೆ ಮೀಟಿ ಕೇಳುವುದು, ಯಾವ ಮರ ಸುಡುತ್ತದೆ, ಯಾವುದು ಸಿಗುರೇಳುತ್ತದೆ ಅಂತ ವಾದ ಮಾಡುವುದು, ಟೀ ಕುಡಿಯುವುದು. ತೆಂಗಿನ ಮರ ಕೊರೆಯೋಕೆ ಹೋಗಿ ಬ್ಲೇಡುಗಳ ಹೆಣ ಬೀಳಿಸಿದ್ದು ಕಂಡಕ್ಟರು. "ಊರು ತುಂಬ ತೆಂಗು ಕಣ್ರೀ, ಆದ್ರೆ ಒಂದೂ ನಮ್ಮ ಮಾತು ಕೇಳಲ್ಲ" ಅನ್ನುತ್ತಿದ್ದರು.

ಮನೆಯಲ್ಲಿ ಇರುವುದು ನಾವಿಬ್ಬರೇ, ಅಕ್ಕ ಮತ್ತು ನಾನು. ಭಾವ ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆಗೆ ಬಂದಳು. ನಾನು ಮದುವೆಯಾಗಲಿಲ್ಲ, ಅದು ಬೇರೆ ಕತೆ ಬಿಡಿ. ಅಕ್ಕ ಬಂದ ಮಾರನೆಯ ದಿನದಿಂದ ನಮ್ಮ ಬಾಗಿಲಿಗೆ ಒಂದು ಕಳೆ ಬಂತು. ಬೆಳಕು ಹರಿಯುವ ಮೊದಲೇ ನೀರು ಚಿಮುಕಿಸಿ, ಸೊಂಟ ಬಗ್ಗಿಸಿ, ಅವಳದೇ ಒಂದು ಎಳೆ ರಂಗೋಲಿ ಬಿಡುತ್ತಿದ್ದಳು. ನಡುವಿನಿಂದ ಹೊರಟ ಒಂದೇ ಗೆರೆ ಚುಕ್ಕಿಗಳನ್ನೆಲ್ಲ ಸುತ್ತಿ, ತನ್ನನ್ನು ತಾನೇ ದಾಟಿ, ಕೊನೆಗೆ ಹೊರಟಲ್ಲಿಗೇ ಬಂದು ಸೇರಬೇಕು. ಚಿಕ್ಕವಳಿದ್ದಾಗ ನಾನು ಎಳೆದ ಗೆರೆ ಒಂದು ಕೂದಲಷ್ಟು ಬಿಟ್ಟುಕೊಂಡಿದ್ದರೂ ಅಕ್ಕ ಕೈಮೇಲೆ ಪಟ್ ಅಂತ ಕೊಡುತ್ತಿದ್ದಳು. "ಗೆರೆ ಬಾಯಿ ಬಿಟ್ಕೊಂಡಿದ್ರೆ ಮನೇಲಿರೋದೆಲ್ಲ ಸೋರಿಹೋಗುತ್ತೆ ಕಣೇ, ಮುಚ್ಚೇ ಅದನ್ನ!" ಆ ಏಟು ನನ್ನ ಕೈಯಲ್ಲಿ ಇನ್ನೂ ಇದೆ.

ಆಮೇಲೆ ಅವಳ ಕಣ್ಣು ಕೈಕೊಡಲು ಶುರುವಾಯಿತು. ತುಮಕೂರಿನ ಡಾಕ್ಟರು ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬೇಕು ಅಂದರು. ಮೊದಮೊದಲು ಕೊಳವೆಯಲ್ಲಿ ನೋಡಿದ ಹಾಗೆ ನಡುವಿನದ್ದಷ್ಟೇ ಕಾಣುತ್ತಿತ್ತಂತೆ. ಬರುಬರುತ್ತ ಅದಕ್ಕೂ ಮಂಜು ಕವಿಯಿತು. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಹೊರಗೆ ಬಂದೆ. ಅಕ್ಕ ರಂಗೋಲಿಯ ಕೊನೆಯ ಸುತ್ತಿನಲ್ಲಿದ್ದಳು. ಗೆರೆ ಹೊರಟ ಜಾಗವನ್ನು ದಾಟಿ, ಒಂದು ಗೇಣು ಆಚೆಗೆ ಹೋಗಿ ನಿಂತಿತ್ತು. ಅವಳು ಬಗ್ಗಿ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ, ನೋಡಿಯೇಬಿಟ್ಟಳು. ಕಾಲಲ್ಲಿ ಅಷ್ಟನ್ನೂ ಒರೆಸಿ, ಬಕೆಟ್ ನೀರು ಸುರಿದು ಒಳಗೆ ಬಂದಳು.

"ಇನ್ನು ನನ್ ಕೈಲಿ ಆಗಲ್ಲ, ಬುಡು" ಅಂದಳು. ಆಮೇಲೆ, ನನಗಲ್ಲ, ಗೋಡೆಗೆ ಹೇಳಿದ ಹಾಗೆ, "ಇನ್ನು ನಾನಿದ್ದೇನು ಮಾಡೋದು?" ಅಂದಳು.

ಮಾರನೆಯ ದಿನದಿಂದ ಅಕ್ಕ ಹೊತ್ತು ಏರುವವರೆಗೂ ಹಾಸಿಗೆ ಬಿಡಲಿಲ್ಲ. ಎದ್ದರೆ ಹಿತ್ತಲ ತೆಂಗಿನ ಬುಡದಲ್ಲಿ ಕೂತು ಗರಿಗಳ ಸದ್ದು ಕೇಳುತ್ತಿದ್ದಳು. ತಟ್ಟೆಯ ಮುದ್ದೆ ಅರ್ಧ ಹಾಗೇ ಉಳಿಯುತ್ತಿತ್ತು. ಬೈದರೂ ತಿರುಗಿ ಬೈಯುತ್ತಿರಲಿಲ್ಲ, ನಮ್ಮ ಮನೆಯಲ್ಲಿ ಅದಕ್ಕಿಂತ ಕೆಟ್ಟ ಲಕ್ಷಣ ಇನ್ನೊಂದಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಅಕ್ಕ ಕೂತಲ್ಲೇ ಕರಗಿಹೋಗುತ್ತಿದ್ದಾಳೆ ಅನ್ನಿಸುತ್ತಿತ್ತು.

ಅವಳ ರಂಗೋಲಿಯನ್ನು ಮರದಲ್ಲಿ ಕೊರೆದರೆ ಹೇಗೆ ಅಂತ ಹೊಳೆದದ್ದು ಆಗ. ಹಲಗೆಯ ಮೇಲೆ ಸೀಳಿದ ಗೆರೆ ಇದ್ದರೆ, ಬೆರಳಿನಿಂದ ದಾರಿ ಹಿಡಿದು, ಅದರೊಳಗೆ ಪುಡಿ ಬಿಡಬಹುದು. ನನ್ನ ಫೋನಿನಲ್ಲಿ ಯಾವುದೋ ಯುಗಾದಿಯ ಬೆಳಿಗ್ಗೆ ಸ್ಟೂಲು ಹತ್ತಿ ತೆಗೆದ ಫೋಟೋ ಇತ್ತು. ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದೆ. ಹಲಗೆ ಎಂಥದ್ದು ಅನ್ನುವುದೇ ದೊಡ್ಡ ಚರ್ಚೆಯಾಯಿತು. ನೊಣವಿನಕೆರೆ ಹತ್ತಿರದ ನಮ್ಮ ತವರಿನಲ್ಲಿ, ಕಾಯಿ ಒಣಗಿಸುವ ಅಟ್ಟವನ್ನು ದಾಯಾದಿಗಳು ಬಿಚ್ಚಿಹಾಕಿದ್ದರು. ಹಲಸಿನ ಹಲಗೆ. ಕಂಡಕ್ಟರು ಅದರಲ್ಲೊಂದನ್ನು ಬಸ್ಸಿನ ಹಿಂದಿನ ಸೀಟಿನಡಿ ಮಲಗಿಸಿಕೊಂಡು ತಂದರು. "ಇವರಿಗೆ ಟಿಕೆಟ್ ಹರಿದಿಲ್ಲ ಮೇಡಂ, ಹಿರಿಯ ನಾಗರಿಕರು" ಅಂತ ಇಳಿಸಿದರು. ಭಾಯಿ ಬಡಗಿಯಿಂದ ತೋಪಡ ಹೊಡೆಸಿ ತೆಳ್ಳಗೆ ಮಾಡಿಸಿದರು.

ನೋಡಿ, ಆ ಹಲಗೆಗೆ ಕಾಗದ ಅಂಟಲೇ ಇಲ್ಲ! ಗೋಂದು ಹಾಕಿದರೆ ಜಾರುತ್ತದೆ, ಟೇಪು ಹಚ್ಚಿದರೆ ಸುರುಳಿ ಸುತ್ತಿ ಏಳುತ್ತದೆ. ಕಾಯಿಗಳು ಅದರ ಮೇಲೆ ಕೂತು ಕೊಬ್ಬರಿಯಾಗಿ, ಒಡಕಲು ಕಾಯಿಯ ಎಣ್ಣೆಯನ್ನೆಲ್ಲ ತಲೆಮಾರುಗಟ್ಟಲೆ ಕುಡಿದ ಮರ ಅದು. ಮನೆಗೆ ತಂದು, ಹಾಳಾದ್ದು ಬರೀ ಎಣ್ಣೆ, ಕಾಗದವೇ ಅಂಟಲ್ಲ, ಒಲೆಗೆ ಹಾಕುತ್ತೇನೆ ಅಂತ ಕೂಗಾಡಿದೆ. ಹಿತ್ತಲಿಂದ ಅಕ್ಕನ ದನಿ ಬಂತು, "ಎಣ್ಣೆ ತಲೆಗೆ ಏನು ಹಾಕ್ತಾರೋ ಅದನ್ನೇ ಹಾಕೇ." ಸೀಗೆಪುಡಿ ಕಲಸಿ ಹಲಗೆಗೆ ಎಣ್ಣೆಸ್ನಾನ ಮುಗಿಸಿ ಬಿಸಿಲಿಗೆ ಒಣಗಿಸಿದೆ. ಕಾಗದ ಗಟ್ಟಿಯಾಗಿ ಕೂತಿತು. ಎಷ್ಟೋ ದಿನದ ಮೇಲೆ ಅಕ್ಕ ಆಡಿದ ಉದ್ದನೆಯ ಮಾತು ಅದು. ಏನು ಕೊರೆಯುತ್ತೀಯ ಅಂತ ಮಾತ್ರ ಕೇಳಲಿಲ್ಲ.

ಭಾನುವಾರ ಶೆಡ್ಡಿನಲ್ಲಿ ಭಾಯಿ ಕಾಗದದ ಮೇಲೆ ಅಲ್ಲಲ್ಲಿ ಕೆಂಪು ಪೆನ್ಸಿಲ್ಲಿನಿಂದ ಗುರುತು ಹಾಕಿಕೊಟ್ಟರು. "ಇಲ್ಲೆಲ್ಲ ಸೇತುವೆ ಬಿಡಬೇಕು ಮೇಡಂ. ಗೆರೆನ ಪೂರಾ ಸುತ್ತಬೇಡಿ. ಒಂದು ಅಕ್ಕಿಕಾಳಿನಷ್ಟು ಮರ ಹಾಗೇ ಉಳಿಸಿ, ಬ್ಲೇಡು ಬಿಚ್ಚಿ, ಪಕ್ಕದಲ್ಲಿ ಇನ್ನೊಂದು ತೂತು ಹಾಕಿ ಶುರು ಮಾಡಿ. ಪೂರಾ ಸುತ್ತಿಬಿಟ್ರೆ ಒಳಗಿರೋದು ಉದುರಿಹೋಗುತ್ತೆ." ಇದು ನಮ್ಮ ಗುಂಪಿನಲ್ಲಿ ಮೊದಲ ಪಾಠ. ನನಗೆ ಹೇಳಿಕೊಡಬೇಕಾ ಅಂತ ಗೊಣಗಿಕೊಂಡೇ ಕೂತೆ.

ಯಂತ್ರ ಗುಂಯ್ ಅಂದಿತು. ಕೊಬ್ಬರಿಯ ವಾಸನೆ ಎದ್ದಿತು. ಎಣ್ಣೆ ಕುಡಿದ ಮರದಲ್ಲಿ ಗರಗಸ ಎಷ್ಟು ನಯವಾಗಿ ಹೋಗುತ್ತದೆ ಅನ್ನುವುದು ಕೊರೆದವರಿಗೇ ಗೊತ್ತು. ನಾನು ಮತ್ತೆ ಚಿಕ್ಕವಳಾಗಿ ಆ ಅಟ್ಟದ ಕೆಳಗೆ ಚಾಪೆಯಲ್ಲಿ ಮಲಗಿದ್ದೆ. ಮೇಲೆ ಯಾರೋ ಕಾಯಿಗಳನ್ನು ಅಲ್ಲಾಡಿಸಿ ಲೊಟಲೊಟ ಸದ್ದು ಕೇಳುತ್ತಿದ್ದರು, ಅಂಗಳದಲ್ಲಿ ಅಕ್ಕನ ಬಳೆ ಸದ್ದು, ಒದ್ದೆ ಮಣ್ಣಿನ ವಾಸನೆ. ಗೆರೆ ಹೋಯಿತು, ಸುತ್ತಿತು, ದಾಟಿತು. ಕೆಂಪು ಗುರುತು ಬಂತು, ಹೋಯಿತು. ನನ್ನ ಕೈ ನಿಲ್ಲಲಿಲ್ಲ. ಗೆರೆಯ ಬಾಯಿ ತೆರೆದೇ ಬಿಡುವುದು ಆ ಕೈಗೆ ಗೊತ್ತೇ ಇಲ್ಲ. "ಸೇತುವೆ! ಮೇಡಂ, ಸೇತುವೆ!" ಅಂತ ಭಾಯಿ ಕೂಗಿದ್ದು ಯಾವುದೋ ಬೇರೆ ಊರಿನಿಂದ ಕೇಳಿಸಿದ ಹಾಗಿತ್ತು. ಅಂಗೈಯಲ್ಲಿ ಒತ್ತಿ ಹಿಡಿದುಕೊಂಡೇ ಕೊನೆಯ ಸುತ್ತು ಮುಗಿಸಿ, ಗೆರೆಯನ್ನು ಹೊರಟಲ್ಲಿಗೇ ತಂದು ಸೇರಿಸಿದೆ. ಎಂಥ ತೃಪ್ತಿ! ಹಲಗೆ ಎತ್ತಿದೆ. ಕೈಯಲ್ಲಿ ಉಳಿದದ್ದು ಬರೀ ಚೌಕಟ್ಟು. ರಂಗೋಲಿ ಪೂರಾ ತುಂಡುತುಂಡಾಗಿ ಕಾಲಬುಡದಲ್ಲಿ ಬಿದ್ದಿತ್ತು.

ಕಂಡಕ್ಟರು ಬಾಯಿಗೆ ಕರ್ಚೀಪು ಒತ್ತಿಕೊಂಡರು. "ನಗಿ, ನಗಿ, ಹೊಟ್ಟೆ ಬಿರಿಯೋ ಹಾಗೆ ನಗಿ" ಅಂದೆ. ತುಂಡುಗಳನ್ನೆಲ್ಲ ಬಳಿದು ಚೀಲಕ್ಕೆ ತುಂಬಿಕೊಂಡು, ಟೀ ಕೂಡ ಕುಡಿಯದೆ ಹೊರಟೆ. ದಾರಿಯುದ್ದಕ್ಕೂ ಅಳು ಬರುತ್ತಿತ್ತು.

ಮನೆಗೆ ಬಂದು ಚೀಲವನ್ನು ನಡುಮನೆಯಲ್ಲಿ ಸುರಿದೆ. "ಏನೇ ಅದು, ಕೊಬ್ಬರಿ ಗಿಟಕು ಸುರಿದಂಗೆ?" ಅಂತ ಅಕ್ಕ ಗೋಡೆ ಹಿಡಿದುಕೊಂಡು ಬಂದಳು. "ನಿನ್ನ ರಂಗೋಲಿ. ನಿನಗೆ ಅಂತ ಕೊರೆದೆ. ನೀನು ಹೊಡೆದು ಕಲಿಸಿದ್ದಕ್ಕೆ ಹೀಗಾಯ್ತು" ಅಂತ ರೇಗಿದೆ. ಅವಳು ಒಂದು ತುಂಡು ಎತ್ತಿ ಮೂಗಿನ ಹತ್ತಿರ ಹಿಡಿದಳು. "ನಮ್ಮ ಅಟ್ಟ" ಅಂದಳು. ಕೂತಳು. ನಾನು ಕೋಪದಲ್ಲೇ ಅಲ್ಲೇ ಚಾಪೆ ಹಾಸಿ ಮಲಗಿದೆ, ನಿದ್ದೆ ಬಂತು. ನಿದ್ದೆಯೊಳಗೆ ಟಕ್, ಟಕ್ ಅಂತ ಮರಕ್ಕೆ ಮರ ತಾಗುವ ಮೆತ್ತನೆಯ ಸದ್ದು. ಎದ್ದಾಗ ಇಳಿಬಿಸಿಲು ಹೊಸಿಲು ದಾಟಿ ಒಳಗೆ ಬಂದಿತ್ತು. ಅದರ ನಡುವೆ ಅಕ್ಕ, ಅವಳ ಮುಂದೆ ಇಡೀ ರಂಗೋಲಿ. ಬೆರಳು ಅಂಚನ್ನು ತಡವುವುದು, ಜೋಡಿ ತುಂಡನ್ನು ಹುಡುಕುವುದು, ಕೂರಿಸುವುದು. ಕೊನೆಯ ತುಂಡು ಅವಳ ಕೈಯಲ್ಲಿತ್ತು. "ಇದು ನಡುವಿಂದು. ಎಲ್ಲೋ ಒಂಚೂರು ಗೆರೆ ಸೊಟ್ಟ ಹೊಡ್ದಿದೀಯ ಕಣೇ" ಅಂತ ಬೈದಳು. ನನಗೆ ಆ ಬೈಗುಳ ಎಷ್ಟು ಹಿತವಾಯಿತು ಅಂದರೆ, ಎದ್ದು ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಆಮೇಲಿನದ್ದೆಲ್ಲ ಅವಳೇ ಕಂಡುಕೊಂಡದ್ದು. ಸಾರಿಸಿದ ಅಂಗಳದಲ್ಲಿ ತುಂಡುಗಳನ್ನು ಬೆರಳಗಲ ಸಂದು ಬಿಟ್ಟು ಜೋಡಿಸುತ್ತಾಳೆ. ಎಡಗೈ ಬೆರಳು ಅಂಚು ಹಿಡಿದು ಮುಂದೆ ಹೋಗುತ್ತದೆ, ಬಲಗೈ ಹಿಂದಿನಿಂದ ಸಂದಿನೊಳಗೆ ಪುಡಿ ಬಿಡುತ್ತ ಬರುತ್ತದೆ. ಒಂದೊಂದೇ ತುಂಡು ಮೇಲಕ್ಕೆತ್ತಿದರೆ ಕೆಳಗೆ ಬಿಳೀ ಗೆರೆ. ಮೊದಲ ದಿನಗಳಲ್ಲಿ ಕಲಸಿಹೋಗುತ್ತಿತ್ತು. ಅಕ್ಕ ಬೈದುಕೊಂಡು ಮತ್ತೆ ಬಿಡುತ್ತಿದ್ದಳು, ಬೇಗ ಏಳುತ್ತಿದ್ದಳು. ಮರ ಕೊರೆಯುವವರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆ. ಸೇತುವೆ ಬಿಡದೆ ಕೊರೆಯುವುದು ಹೇಗೆ ಅಂತ ಜನ ನನ್ನನ್ನೇ ಕೇಳತೊಡಗಿದರು, ಕಂಡಕ್ಟರು ಮಾತ್ರ "ಮೇಡಮ್ಮು ನಿದ್ದೆಗಣ್ಣಲ್ಲಿ ಕೊರೀಬೇಕು ಅಷ್ಟೇ" ಅಂತ ಬರೆದರು.

ಒಂದು ಭಾನುವಾರ ಅಕ್ಕ ತಾನೂ ಬರುತ್ತೇನೆ ಅಂತ ಸೀರೆ ಉಟ್ಟು ಕೂತಳು. ಶೆಡ್ಡಿನಲ್ಲಿ ಬ್ಲೇಡನ್ನು ಮೀಟಿಸಿಕೊಂಡು ಕೇಳಿದಳು, ಹುಡಿಯನ್ನು ಮುಷ್ಟಿಯಲ್ಲಿ ಹಿಡಿದು ಮೂಸಿದಳು. "ಅದೇನಪ್ಪ ನಿಮ್ಮ ಸೇತುವೆ?" ಅಂತ ಕೇಳಿದಳು. ಭಾಯಿ ತಾವು ಕೊರೆದ ಹೂವಿನ ಜಾಲಿಯನ್ನು ಅವಳ ಕೈಗಿಟ್ಟರು. ಅಕ್ಕನ ಬೆರಳು ಹೂವನ್ನು ಸುತ್ತಿ ಬಂದು, ಮರ ಉಳಿದ ಕಡೆ ನಿಂತಿತು. "ಇಲ್ಲಿ ಬಾಯಿ ಬಿಟ್ಕೊಂಡಿದೆ ಕಣಪ್ಪ" ಅಂದಳು. "ಅದು ಹಂಗಿರೋದಕ್ಕೇ ಅಮ್ಮಾ, ಹೂವು ಇನ್ನೂ ನಿಂತಿರೋದು" ಅಂದರು ಭಾಯಿ. ಅಕ್ಕ ಆ ಜಾಗವನ್ನು ಬೆರಳಲ್ಲಿ ಮತ್ತೊಮ್ಮೆ ತಡವಿದಳು. ವಾಪಸ್ ಬರುವಾಗ ಆಟೋದಲ್ಲಿ ಬೆರಳು ಬೆರಳಿಗೆ ಉಜ್ಜುತ್ತ ಕೂತಿದ್ದಳು.

ಮಾರನೆಯ ಬೆಳಿಗ್ಗೆ ನಾನು ಏಳುವಾಗ ಅಂಗಳದಲ್ಲಿ ತೆಳ್ಳಗೆ ಮಂಜಿತ್ತು. ತುಂಡುಗಳೆಲ್ಲ ಜಗುಲಿಯ ಮೇಲೆ ಒಂದರ ಮೇಲೊಂದು ಕೂತಿದ್ದವು. ಅಕ್ಕ ರಂಗೋಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೈ ಕೊಡವಿಕೊಳ್ಳುತ್ತಿದ್ದಳು. ನೋಡಿದೆ. ಎಲ್ಲ ಸುತ್ತೂ ಸರಿಯಾಗಿತ್ತು. ಕೊನೆಯಲ್ಲಿ, ಗೆರೆ ಹೊರಟಲ್ಲಿಗೆ ಬಂದು ಸೇರಬೇಕಾದ ಕಡೆ, ಒಂದು ಅಕ್ಕಿಕಾಳಿನಷ್ಟು ಜಾಗ ಖಾಲಿ ಉಳಿದಿತ್ತು. ಪಾಪ, ಕಾಣಲಿಲ್ಲ ಅಂದುಕೊಂಡೆ. ಸದ್ದಾಗದ ಹಾಗೆ ಡಬ್ಬಿಯಿಂದ ಒಂದು ಚಿಟಿಕೆ ಪುಡಿ ತೆಗೆದುಕೊಂಡು ಬಗ್ಗಿದೆ.

"ಮುಟ್ಟಬೇಡ ಕಣೇ" ಅಂದಳು ಅಕ್ಕ, ನನ್ನ ಕಡೆ ತಿರುಗದೆ. "ನಾನೇ ಬಿಟ್ಟಿರೋದು ಅದು. ಪೂರಾ ಮುಚ್ಚಿಬುಟ್ರೆ ಒಳಗಿರೋದು ಉದುರಿಹೋಗುತ್ತಂತಲ್ಲ. ನಾನಿನ್ನೂ ಸ್ವಲ್ಪ ದಿನ ಇರ್ಬೇಕು."

ನಾನು ಚಿಟಿಕೆಯಲ್ಲಿದ್ದ ಪುಡಿಯನ್ನು ಡಬ್ಬಿಗೆ ವಾಪಸ್ ಹಾಕಿದೆ.