ದೊಡ್ಡವ್ವನ ಹಾಗಲ ರಸ

ಧನಗೆರೆಯಲ್ಲಿ ಸಕ್ಕರೆ ಕಾಯಿಲೆ ಬಂದವರೆಲ್ಲ ಚಿಕ್ಕತಾಯಮ್ಮನ ಮನೆಗೆ ಹೋಗುತ್ತಾರೆ. ಅವಳು ಅವ್ವನ ಅಕ್ಕ, ನನಗೆ ದೊಡ್ಡವ್ವ. ಹಿತ್ತಲ ಹಾಗಲಕಾಯಿ ಅರೆದು, ರಸ ಹಿಂಡಿ, ಬರಿಹೊಟ್ಟೆಗೆ ಕುಡಿಸುತ್ತಾಳೆ. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಪಥ್ಯ ಒಂದೇ: “ಆಸ್ಪತ್ರೆ ಮಾತ್ರೆ ನುಂಗಿದ್ರೆ ಮದ್ದು ಮುರ್ದೋಯ್ತದೆ ಕಣವ್ವ.”

ಆ ಮಾತು ನಂಬಿ ಅವ್ವ ಮಾತ್ರೆ ಬಿಟ್ಟಿದ್ದಳು. ಕಾಲಿನ ಹೆಬ್ಬೆರಳಲ್ಲಾದ ಹುಣ್ಣು ಮಾಯಲೇ ಇಲ್ಲ. ಇವತ್ತು ನನ್ನ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಅವ್ವನನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಕರೆದೊಯ್ದೆ. ಹೆಬ್ಬೆರಳು ತೆಗೆಯಲೇಬೇಕು ಎಂದರು ಡಾಕ್ಟರು.

ಚೀಟಿ ಹಿಡಿದು ಮಾತ್ರೆ ಕೊಡುವ ಕಿಟಕಿಗೆ ಬಂದರೆ, ನನ್ನ ಮುಂದೆಯೇ ದೊಡ್ಡವ್ವ ನಿಂತಿದ್ದಳು.

“ತಿಂಗ್ಳು ತಪ್ಪದೆ ಸಕ್ಕರೆ ಮಾತ್ರೆ ತಕಂಡೋಗೋಳು ಈ ಅಜ್ಜಿ ಒಬ್ಳೇ ಕಣ್ರಿ,” ಎಂದು ಒಳಗಿದ್ದವನು ನಗುತ್ತಿದ್ದ.

“ನಿಂಗೆ ಮದ್ದು ಮುರಿಯಲ್ವಾ ದೊಡ್ಡವ್ವ?” ಎಂದೆ.

ಅವಳು ಮಾತ್ರೆಗಳನ್ನು ಸೆರಗಿಗೆ ಸೇರಿಸಿದಳು. “ಮೆತ್ತಗೆ ಮಾತಾಡವ್ವ. ಊರೋರ್ಗೆ ಗೊತ್ತಾದ್ರೆ ಇನ್ಯಾರು ನನ್ ಬಾಗ್ಲಿಗ್ ಬತ್ತಾರೆ?”

ಕಿಟಕಿ ಪಕ್ಕದ ಬೆಂಚಿನ ಮೇಲೆ ಕೂತಿದ್ದ ಅವ್ವನಿಗೆ ಎಲ್ಲವೂ ಕೇಳಿಸಿತ್ತು.

“ಊರೋರ್ಗೆ ಬ್ಯಾಡ ಅಕ್ಕಾ, ನನ್ ಕಿವೀಲಿ ಒಂದ್ ಮಾತು ಯೋಳ್ಬೋದಿತ್ತಲ್ಲಾ.”

ದೊಡ್ಡವ್ವ ಅವಳ ಕೈ ಹಿಡಿಯಲು ಬಂದಳು. ಅವ್ವ ನನ್ನಿಂದ ಮಗುವನ್ನು ತೆಗೆದುಕೊಂಡು, ಎರಡೂ ಕೈಯಲ್ಲಿ ಅವುಚಿಕೊಂಡಳು.