ಬಲಗಡೆಯ ಪೆಟ್ಟಿಗೆ

ನನ್ನ ಡೈರಿಯ ಕೊನೆಯ ಎರಡು ಪುಟಗಳನ್ನು ಒಂದೇ ಒಂದು ಲೆಕ್ಕಕ್ಕೆ ಬಿಟ್ಟಿದ್ದೆ. ಅದು "ಆಂ?" ಲೆಕ್ಕ.

ಅವ್ವನಿಗೆ ಕಿವಿ ಮಂದ. ಮೂವತ್ತು ತುಂಬುವ ಮೊದಲೇ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯಲ್ಲಿ ಅರ್ಧ ಉಳಿದಿದೆ. ಡಾಕ್ಟರು ಕೇಳಿದರೆ ಹೇಳಲು ಬರುತ್ತದೆಂದು, ಅವಳು ದಿನಕ್ಕೆ ಎಷ್ಟು ಸಲ "ಆಂ?" ಅನ್ನುತ್ತಾಳೆಂದು ಯುಗಾದಿಯ ಮರುವಾರದಿಂದ ಗೀಟು ಹಾಕತೊಡಗಿದೆ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಶ್ರಾವಣದ ಒಂದು ಸಂಜೆ ಊಟಕ್ಕೆ ಕೂತಾಗ ಅಪ್ಪ ನಕ್ಕ.

"ಅವ್ವಂದಷ್ಟೇ ಯಾಕ ಬರೀತಿ? ಈಗ ನೀನೂ ಅಂದಿ ನೋಡು, ಆಂ ಅಂತ. ನಿಂದೂ ಒಂದು ಕಾಲಂ ಹಾಕು."

ಚೇಷ್ಟೆಗೆ ಅಂದದ್ದು. ನಾನು ಕಾಲಂ ಹಾಕಿದೆ. ಮೊದಲ ವಾರ ನನ್ನ ಹೆಸರಿನಲ್ಲಿ ಮೂರು ಗೀಟು ಬಿದ್ದವು. ದೀಪಾವಳಿಯ ವಾರ ಹತ್ತೊಂಬತ್ತು. ಅವತ್ತು ಎರಡೂ ಪುಟಗಳನ್ನು ಸೇರಿಸಿ ಸ್ಟೇಪಲ್ ಹೊಡೆದು ಮುಚ್ಚಿಬಿಟ್ಟೆ.

ಯಾರಿಗೂ ಹೇಳಲಿಲ್ಲ. ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಸಮಾಧಾನ ಒಂದಿತ್ತು. ಅವ್ವನ ಕಿವಿ ಹೋದದ್ದು ಬಾಣಂತನದಲ್ಲಿ ಗಾಳಿ ಬಡಿದು ಎಂದು ಮನೆಯ ಹೆಂಗಸರೆಲ್ಲ ಹೇಳುತ್ತಾರೆ. ಹಾಗಾದರೆ ಅದು ಮನೆತನದ ರೋಗವಲ್ಲ. ನನಗೆ ಮದುವೆಯೇ ಆಗಿಲ್ಲ, ಬಾಣಂತನ ಎಲ್ಲಿಂದ ಬರಬೇಕು? ಈ ತರ್ಕವನ್ನು ಎಷ್ಟು ಸಲ ಹೇಳಿಕೊಂಡೆ ಎನ್ನುವುದಕ್ಕೆ ಮಾತ್ರ ಲೆಕ್ಕವಿಲ್ಲ.

ನಮ್ಮ ಮನೆ ಕಲಬುರಗಿಯ ಪಕ್ಕದ ಕುಸನೂರಿನಲ್ಲಿ. ನಾನು ಡಿಪ್ಲೊಮಾ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮೀಟರಿನ ಅಂಕಿ ಬರೆದಿಡುವುದು ಅಲ್ಲಿಂದ ಹತ್ತಿದ ಚಟ. ಸ್ಪೀಕರ್ ಮಾಡುವ ಚಟ ಹತ್ತಿದ್ದು ಅವ್ವನಿಂದ. ಟಿವಿಯನ್ನು ಎಷ್ಟು ಜೋರು ಮಾಡಿದರೂ ಅವಳಿಗೆ ಮಾತು ಒಡೆದು ಕೇಳುತ್ತಿತ್ತು. ಜೋರಲ್ಲ, ಸ್ವಚ್ಛ ಬೇಕು ಎನ್ನಿಸಿ ಮೊದಲ ಪೆಟ್ಟಿಗೆ ಮಾಡಿದೆ. ಈ ವರ್ಷದ್ದು ಮೂರನೆಯ ಜೋಡಿ. ಪ್ಲೈವುಡ್ಡಿನ ಎರಡು ಪೆಟ್ಟಿಗೆ. ಪ್ರತಿಯೊಂದರಲ್ಲೂ ಕೆಳಗೆ ದಪ್ಪ ದನಿಗೆ ಒಂದು ದೊಡ್ಡ ಸ್ಪೀಕರ್, ಮೇಲೆ ತೆಳು ದನಿಗೆ ಟ್ವೀಟರ್ ಎನ್ನುವ ಸಣ್ಣದು. ಟ್ವೀಟರ್ ಕಿರುಚದಂತೆ ಅದರ ದಾರಿಯಲ್ಲಿ ಕರೆಂಟನ್ನು ತಡೆಯುವ ಒಂದು ರೆಸಿಸ್ಟರ್ ಕೂರಿಸುತ್ತೇವೆ. ರೆಸಿಸ್ಟರ್ ದೊಡ್ಡದಾದಷ್ಟೂ ಟ್ವೀಟರ್ ಮೆತ್ತಗಾಗುತ್ತದೆ. ಎಷ್ಟು ಎನ್ನುವುದನ್ನು ಕೊನೆಗೆ ಕಿವಿಯೇ ತೀರ್ಮಾನಿಸಬೇಕು.

ನಾನು ಶಿಸ್ತಿನಿಂದಲೇ ಮಾಡಿದೆ. ಕೋಣೆಯ ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಪೆಟ್ಟಿಗೆಗಳ ಜಾಗ, ನನ್ನ ಕುರ್ಚಿಯ ನಾಲ್ಕು ಕಾಲುಗಳ ಜಾಗ ಗುರುತಿಸಿದ್ದೆ. ಪೆಟ್ಟಿಗೆಗಳ ಬೆನ್ನ ಮೇಲೆ "ಎಡ", "ಬಲ" ಎಂದು ಬರೆದಿದ್ದೆ. ಪರೀಕ್ಷೆಯಿಂದ ಪರೀಕ್ಷೆಗೆ ವ್ಯತ್ಯಾಸ ಬರಬಾರದೆಂದು ಏಳೆಂಟು ತಿಂಗಳು ಏನನ್ನೂ ಅತ್ತಿತ್ತ ಸರಿಸಲಿಲ್ಲ. ಇಪ್ಪತ್ತಮೂರು ಸಲ ಕೂತು ಕೇಳಿದೆ. ಎಡ ಪೆಟ್ಟಿಗೆ ಮೊದಲ ದಿನದಿಂದ ಸರಿಯಿತ್ತು. ಬಲಗಡೆಯ ಟ್ವೀಟರ್ ಮಾತ್ರ ಯಾಕೋ ಮಂಕು. ಅದರ ರೆಸಿಸ್ಟರನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಹೋದೆ. ಶ್ರಾವಣದಲ್ಲಿ ಒಂದು ಸಲ, ದಸರೆಗೆ ಇನ್ನೊಂದು ಸಲ, ದೀಪಾವಳಿಯಾದ ಮೇಲೆ ಮತ್ತೂ ಒಂದು ಸಲ. ಕೊನೆಗೆ ಎರಡೂ ಸಮವಾದವು. "ಬಲ ಟ್ವೀಟರಿನ ಮಾಲೇ ಸರಿ ಇಲ್ಲ" ಎಂದು ಡೈರಿಯಲ್ಲಿ ಬರೆದೆ.

ನಮ್ಮದು ಹನ್ನೊಂದು ಜನರ ಗುಂಪು. ವರ್ಷಕ್ಕೆರಡು ಸಲ, ನಾವೇ ಮಾಡಿದ ಸ್ಪೀಕರುಗಳನ್ನು ತಂದು ಒಬ್ಬರಿಗೊಬ್ಬರು ಕೇಳಿಸುತ್ತೇವೆ. ಈ ಸಲ ಸೇರಿದ್ದು ಕಮಲಾಪುರದಲ್ಲಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಸದಸ್ಯರೊಬ್ಬರ ಮನೆಯ ಬಾಳೆಹಣ್ಣಿನ ಗೋದಾಮಿನಲ್ಲಿ. ಭಾನುವಾರ ಬೆಳಿಗ್ಗೆ ಬಸ್ಸಿಗೆ ಎರಡು ಪೆಟ್ಟಿಗೆಗಳನ್ನು ಹತ್ತಿಸಿದೆ. ಕಂಡಕ್ಟರ್ ನನ್ನ ಬಲಕ್ಕೆ ನಿಂತು ಏನೋ ಕೇಳಿದ. ನಾನು ಮಹಾಗಾಂವದ ತೊಗರಿ ಹೊಲ ನೋಡುತ್ತ ಕೂತಿದ್ದೆ. ಅವನು ಭುಜ ತಟ್ಟಿದ.

"ಮೂರು ಸಲ ಕೇಳಿದೆ ರೀ ಅಕ್ಕೋರ, ಡಬ್ಬ್ಯಾಗ ಏನದ ಅಂತ. ಬಂಗಾರ ಇದ್ದಂಗ ಹಿಡಕೊಂಡು ಕೂತೀರಿ, ಮಾತೇ ಇಲ್ಲ."

ನಕ್ಕು ಉತ್ತರ ಕೊಟ್ಟೆ. ಬಸ್ಸಿನ ಸದ್ದಿಗೆ ಯಾರಿಗೂ ಕೇಳುವುದಿಲ್ಲ ಎಂದುಕೊಂಡೆ. ಆದರೆ ಹಿಂದಿನ ಸೀಟಿನ ಅಜ್ಜನಿಗೆ ಕೇಳಿಸಿತ್ತು. "ಸ್ಪೀಕರ್ ಅಂತಪಾ" ಎಂದು ಅವನು ಪಕ್ಕದವನಿಗೆ ಹೇಳುತ್ತಿದ್ದ.

ನಮ್ಮ ಗುಂಪಿನಲ್ಲಿ ಎಲ್ಲ ಸ್ಪೀಕರಿಗೂ ಒಂದೇ ರೆಕಾರ್ಡಿಂಗ್ ಹಾಕುವ ಪದ್ಧತಿ. ಅದು ಹಾಡಲ್ಲ. ಬ್ಯಾಂಕಿನವರ ತಾಯಿ ಜೋಳದ ರೊಟ್ಟಿ ಬಡಿಯುವ ಸದ್ದು. ಅಂಗೈಯ ದಪ್ಪ ಪೆಟ್ಟು, ಜೊತೆಗೆ ಗಾಜಿನ ಬಳೆಗಳ ಕಿಣಿಕಿಣಿ. ಹಾಡು ಚೆನ್ನಾಗಿದ್ದರೆ ಸ್ಪೀಕರಿನ ತಪ್ಪು ಮುಚ್ಚಿಹೋಗುತ್ತದೆ. ರೊಟ್ಟಿ ಬಡಿಯುವುದನ್ನು ಮಾತ್ರ ಯಾರೂ ಮೋಸ ಹೋಗಿ ಕೇಳಲಾರರು, ಹುಟ್ಟಿದಾಗಿನಿಂದ ಕೇಳಿದ್ದು.

ಮೊದಲು ಮಹಾಗಾಂವದ ಶಾಲಾ ಮಾಸ್ತರು ಮಣ್ಣಿನ ಗಡಿಗೆಯಲ್ಲಿ ಕೂರಿಸಿದ ಜೋಡಿ ಹಾಕಿದರು. "ಮಾಸ್ತರ, ಇದರಾಗ ರೊಟ್ಟಿ ಬಡದ್ರ ನೀರು ಕುಡಿದಂಗ ಕೇಳ್ತದಲ್ರೀ" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಎರಡನೆಯದು ನನ್ನ ಜೋಡಿ. ಎಡ, ಬಲ, ಬರೆದಿದ್ದ ಹಾಗೆಯೇ ಇಟ್ಟು ನಟ್ಟನಡುವೆ ಕೂತೆ.

ರೊಟ್ಟಿ ಶುರುವಾಯಿತು. ಅಂಗೈಯ ದಪ್ಪ ಪೆಟ್ಟು ಕೇಳಿ ಎಲ್ಲರೂ ತಲೆಯಾಡಿಸಿದರು. ಆಮೇಲೆ ಮಾಸ್ತರು ಮುಖ ಕಿವುಚಿದರು.

"ಅವ್ವಿ, ಎಡಗಡೀದು ಬಳಿ ಸಪ್ಪಳ. ಬಲಗಡೀದು ಡಬ್ಬ್ಯಾಗ ಮೊಳಿ ಹಾಕಿ ಅಲುಗಾಡಿಸಿದಂಗ ಅದ."

"ಹೌದು, ಕಿವ್ಯಾಗ ಚುಚ್ಚಾಕತ್ತದ" ಎಂದರು ಬ್ಯಾಂಕಿನವರು. "ವೈರ್ ಅದಲಿ ಬದಲಿ ಮಾಡಿ ನೋಡೂಣು."

ಎಡದ ವೈರು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರು. ಚುಚ್ಚುವುದು ಬಲ ಪೆಟ್ಟಿಗೆಯಲ್ಲೇ ಉಳಿಯಿತಂತೆ. ಅಂದರೆ ದೋಷ ಪೆಟ್ಟಿಗೆಯದು. "ಅಂತೆ" ಎನ್ನುತ್ತಿದ್ದೇನೆ, ಯಾಕೆಂದರೆ ನನಗೆ ಕೇಳಿಸುತ್ತಿರಲಿಲ್ಲ. ಎಂಟು ಹತ್ತು ಜನ ಒಂದೇ ಕಡೆ ಮುಖ ಮಾಡಿ ಹುಬ್ಬು ಗಂಟಿಕ್ಕುತ್ತಿದ್ದರು. ನನಗೆ ಮಾತ್ರ ಎರಡೂ ಕಡೆ ಒಂದೇ ಬಳೆ. ಎಲ್ಲರಿಗೂ ಹೊಗೆ ವಾಸನೆ ಬಂದು ನನಗೊಬ್ಬಳಿಗೇ ಬರದಿದ್ದ ಹಾಗೆ.

ಗುಂಪಿನಲ್ಲಿ ಹಿರಿಯರೆಂದರೆ ಚಾಚಾ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಹತ್ತಿರ ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಅವರು ಪೆಟ್ಟಿಗೆಗಳ ಬೆನ್ನು ಬಿಚ್ಚಿ ಕನ್ನಡಕ ಮೇಲೇರಿಸಿ ನೋಡಿದರು. ಎಡದಲ್ಲಿ ದೊಡ್ಡ ರೆಸಿಸ್ಟರ್, ಬಲದಲ್ಲಿ ಅದರ ಕಾಲುಭಾಗವೂ ಇಲ್ಲದ್ದು.

"ಇದು ಯಾರ ಹಿಸಾಬು, ಬೇಟಿ?"

"ಕಿವೀಲೆ ಹೊಂದಿಸೀನಿ ಚಾಚಾ. ಸ್ವಲ್ಪ ಸ್ವಲ್ಪ ಇಳಿಸಿ."

"ಒಮ್ಮೆಲೆ ಇಳಿಸಿಲ್ಲ?"

"ಇಲ್ಲ ರೀ. ಡೈರ್ಯಾಗ ಬರದೀನಿ."

ಚಾಚಾ ಡೈರಿ ಕೇಳಲಿಲ್ಲ. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಮಿಕ್ಕವರಿಗೆ, "ನೀವು ಹೋಗಿ ಬಾಳೆಹಣ್ಣು ತಿನ್ರಿ, ನಾವು ಇಬ್ಬರು ಇದರ ಆಪರೇಶನ್ ಮಾಡ್ತೀವಿ" ಎಂದು ಎಲ್ಲರನ್ನೂ ಅಂಗಳಕ್ಕೆ ಅಟ್ಟಿದರು. ಅವರು ಹೋದ ಮೇಲೆ ದನಿ ತಗ್ಗಿಸಿ, "ಡಬ್ಬಿ ಹಂಗೇ ಇರ್ಲಿ. ಕುರ್ಚಿ ಹೊಳ್ಳಿಸಿ ಕೂಡು. ಡಬ್ಬಿಗೆ ಬೆನ್ನ ಮಾಡಿ" ಎಂದರು.

ತಿರುಗಿ ಕೂತೆ. ಈಗ ನನ್ನ ಎಡಗಿವಿ ಬಲ ಪೆಟ್ಟಿಗೆಯ ಕಡೆಗಿತ್ತು. ಚಾಚಾ ರೊಟ್ಟಿ ಹಾಕಿದರು.

ಸೂಜಿ. ನಿಜವಾಗಿ ಡಬ್ಬಿಯಲ್ಲಿ ಮೊಳೆ ಅಲುಗಾಡಿಸಿದ ಸದ್ದು, ಎಡಗಿವಿಯ ಒಳಗೆ. ಬಲಗಿವಿಯ ಕಡೆ ಅಂಗೈ ಪೆಟ್ಟು ಮಾತ್ರ. ಆ ಕಡೆ ಬಳೆ ಇಟ್ಟುಕೊಂಡ ಕೈಯೇ ಇರಲಿಲ್ಲ.

ಏಳೆಂಟು ತಿಂಗಳಲ್ಲಿ ಮನೆಯ ಆ ಕುರ್ಚಿಯನ್ನು ಸುಣ್ಣದ ಗೆರೆ ಬಿಟ್ಟು ಒಂದು ಸಲ ತಿರುಗಿಸಿದ್ದರೆ ಸಾಕಿತ್ತು. ಯುಗಾದಿಯಿಂದ ನಾನು ಟ್ವೀಟರಿನ ದೋಷವೆಂದು ಬರೆದದ್ದೆಲ್ಲ ನನ್ನ ಬಲಗಿವಿಯ ದಿನಚರಿ. ಒಂದೊಂದು ರೆಸಿಸ್ಟರ್ ಇಳಿಸಿದ ದಿನವೂ ಕಿವಿ ಒಂದೊಂದು ಮೆಟ್ಟಿಲು ಇಳಿದಿತ್ತು.

"ಯಾವ ಕಿವಿ?" ಚಾಚಾ ಕೇಳಿದರು.

"ಬಲ." ಕುರ್ಚಿಯನ್ನು ಅವರ ಕಡೆ ತಿರುಗಿಸಿದೆ. "ನಮ್ಮವ್ವಗೂ ಹೀಂಗೇ ಅದ ರೀ."

"ಘಾಬರಿ ಆಗಬ್ಯಾಡ ಅಂತ ಹೇಳಂಗಿಲ್ಲ, ನನಗೂ ಆಗಿತ್ತು. ನನ್ನ ಕಿವಿ ಹೋಗಾಕತ್ತಾಗ ಗಿರಾಕಿಗಳು ಬಂದು, ಚಾಚಾ, ನೀ ರಿಪೇರಿ ಮಾಡಿದ ರೇಡಿಯೋ ಚೀರ್ತದ ಅಂತಿದ್ರು. ನಿಮ್ಮ ಕಿವೀನೇ ಖರಾಬ್ ಅಂತ ನಾ ಅವರ ಜೋಡಿ ಝಗಡಾ ಮಾಡಿದೆ. ಒಂದು ವರ್ಷ. ಡಾಕ್ಟರ್ ಅಂದ, ಒಂದು ವರ್ಷದ ಹಿಂದ ಬರಬೇಕಿತ್ತು ಅಂತ." ಅವರು ಪೆಟ್ಟಿಗೆಯ ಸ್ಕ್ರೂ ತಿರುಗಿಸಿ ಮುಚ್ಚಿದರು. "ಇದನ್ನ ಸರಿ ಮಾಡಬ್ಯಾಡ. ಮೊದಲ ಕಿವಿ ತೋರಿಸು. ಝಗಡಾ ಮಾಡಬ್ಯಾಡ, ಸಮಝ್ಯಾ?"

ಹೊರಗೆ ಹೋಗಿ ಎಲ್ಲರಿಗೆ, "ರೆಸಿಸ್ಟರ್ ಗಲತ್ ಬಿದ್ದಾದ, ಮನಿಗೆ ಹೋಗಿ ಬದಲಿ ಮಾಡ್ತಾಳ" ಎಂದಷ್ಟೇ ಹೇಳಿದರು.

ಊಟವಾಯಿತು. ನಾನು ಅರ್ಧ ರೊಟ್ಟಿ ತಿಂದೆ. ಚಹಾದ ಹೊತ್ತಿಗೆ ಗುಂಪಿನ ಒಂದು ಆಟವಿದೆ. ಎಲ್ಲರೂ ಕಣ್ಣು ಮುಚ್ಚಿ ನಿಲ್ಲಬೇಕು. ಮಾಸ್ತರು ಸಣ್ಣಗೆ ಸಿಳ್ಳೆಯಂಥ ದನಿಯೊಂದನ್ನು ಹಾಕಿ ಮೇಲಕ್ಕೆ, ಇನ್ನೂ ಮೇಲಕ್ಕೆ ಏರಿಸುತ್ತ ಹೋಗುತ್ತಾರೆ. ಕೇಳುವುದು ನಿಂತ ಕೂಡಲೇ ಕೂಡಬೇಕು. ಮೊದಲು ಕೂತವರು ಚಹಾ ಹಂಚಬೇಕು. ಪ್ರತಿ ಸಲ ಮೊದಲು ಕೂಡುವವರು ಚಾಚಾ. "ನನ್ನ ಕಿವೀಗಿ ಪೆನ್ಶನ್ ಆಗ್ಯಾದ" ಎನ್ನುತ್ತ ಕೆಟಲ್ ಹಿಡಿಯುತ್ತಾರೆ. ಕೊನೆಯವರೆಗೆ ನಿಲ್ಲುವವರಲ್ಲಿ ನಾನೊಬ್ಬಳು.

ಅವತ್ತೂ ನಿಲ್ಲಬಹುದಿತ್ತು. ಎಡಗಿವಿ ಒಂದೇ ಸಾಕಾಗಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಣ್ಣು ಮುಚ್ಚಿದೆ. ದನಿ ಶುರುವಾಯಿತು. ಎಡಗೈ ತನ್ನಷ್ಟಕ್ಕೆ ಮೇಲೆದ್ದು ಎಡಗಿವಿಯನ್ನು ಒತ್ತಿ ಮುಚ್ಚಿತು. ದನಿ ಇನ್ನೊಂದಿಷ್ಟು ಏರಿ, ತೆಳ್ಳಗಾಗಿ, ಇಲ್ಲವಾಯಿತು. ಯಾರೂ ಕೂತ ಸಪ್ಪಳ ಅಂಗಾಲಿಗೆ ತಾಗಲಿಲ್ಲ. ಆ ಕತ್ತಲಲ್ಲಿ ಹತ್ತು ಜನ ಏನನ್ನೋ ಕೇಳುತ್ತಿದ್ದರು. ನಾನು ಕೂತೆ.

ಕಣ್ಣು ಬಿಟ್ಟಾಗ ಚಾಚಾ ಇನ್ನೂ ನಿಂತಿದ್ದರು.

"ಚಾಚಾ, ನಿಮ್ಮ ನೌಕರಿ ಹೋಯ್ತಲ್ರೀ!" ಎಂದು ಮಾಸ್ತರು ಕೂಗಿ ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ನಾನು ಹತ್ತು ಕಪ್ ಚಹಾ ಹಂಚಿದೆ. ಸಾಸರುಗಳ ಕಿಣಿಕಿಣಿ ಎಡಗಡೆಯಿಂದಷ್ಟೇ ಬಂತು.

ಮನೆಗೆ ಬಂದಾಗ ಅವ್ವ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಅವಳ ಬಲಕ್ಕೆ ಹೋಗಿ ನಿಂತು ಹೇಳಿದೆ. "ಆಂ?" ಅಂದಳು. ಇಂಥ ಮಾತನ್ನು ಮೆಲ್ಲಗೆ ಹೇಳುವ ಭಾಗ್ಯ ನಮ್ಮ ಮನೆಯಲ್ಲಿಲ್ಲ.

"ನನ್ನ ಬಲಗಿವಿ ಕೇಳಂಗಿಲ್ಲ ಅವ್ವಾ!" ಎಂದು ಕೂಗಿದೆ. ಪಕ್ಕದ ಮನೆಯ ಕಿಟಕಿ ತೆರೆಯಿತು.

ಅವ್ವ ಬಟ್ಟೆಯನ್ನು ಎದೆಗೊತ್ತಿ ನಿಂತಳು. "ಗೊತ್ತದ" ಎಂದಳು. "ನಾಗರಪಂಚಮಿಯಿಂದ ಗೊತ್ತದ. ಬಲಕ್ಕ ನಿಂತು ಕರದ್ರ ನೀ ಹೊಳ್ಳಿ ನೋಡ್ತಿದ್ದಿಲ್ಲ. ಆವಾಗಿಂದ ನಾ ಸುತ್ತು ಹಾಕಿ ಎಡಕ್ಕ ಬಂದೇ ಕರೀತೀನಿ."

"ಮತ್ತ ಯಾಕ ಹೇಳಲಿಲ್ಲ?"

"ನೀ ಯಾಕ ಹೇಳಲಿಲ್ಲ?"

ಅವಳ ಕೈಯ ಬಟ್ಟೆ ತೆಗೆದುಕೊಂಡು ಕೇಳಿದೆ. "ಬಾಣಂತನದಾಗ ಗಾಳಿ ಬಡದಿದ್ದು ಖರೇ ಏನು?"

ಅವ್ವ ತಲೆ ಅಲ್ಲಾಡಿಸಿದಳು. "ನೀ ಹುಟ್ಟೂಕಿಂತ ಮೊದಲೇ ಶುರು ಆಗಿತ್ತು. ಹೇಳಿದ್ರ ಏನಂತಾರೋ ಅಂತ ಅಂಜಿ ಸುಮ್ಮನಿದ್ದೆ. ನೀ ಹುಟ್ಟಿದ ಮ್ಯಾಲ ಜನಾನೇ ಗಾಳಿ ಅಂದ್ರು. ಹೌದು ಅಂದೆ."

ರಾತ್ರಿ ಸ್ಟೇಪಲ್ ಪಿನ್ನು ಕಿತ್ತೆ. ಪುಟ ಸ್ವಲ್ಪ ಹರಿಯಿತು. ಗೀಟುಗಳ ಕೆಳಗೆ ರೆಸಿಸ್ಟರ್ ಇಳಿಸಿದ ದಿನಗಳನ್ನೆಲ್ಲ ಒಂದೆಡೆ ಬರೆದೆ, ಡಾಕ್ಟರಿಗೆ ತೋರಿಸಲು.

ಬುಧವಾರ ಇಬ್ಬರೂ ಕಿವಿ ಡಾಕ್ಟರಲ್ಲಿಗೆ ಹೋದೆವು. ಬೆಂಚಿನ ಮೇಲೆ ಅವ್ವ ನನ್ನ ಎಡಕ್ಕೆ ಕೂತಳು; ಹಾಗೆ ಕೂತರೆ ನನ್ನ ಕೇಳುವ ಕಿವಿ ಅವಳ ಕಡೆಗೆ, ಅವಳ ಅರ್ಧ ಕೇಳುವ ಕಿವಿ ನನ್ನ ಕಡೆಗೆ. ನನ್ನ ಬಲಕ್ಕೆ ಡಾಕ್ಟರ ಬಾಗಿಲು. ಡೈರಿ ಮಡಿಲಲ್ಲಿತ್ತು. ಗೋಡೆಗೆ ಅಂಟಿಸಿದ ಕಿವಿಯ ಚಿತ್ರದಲ್ಲಿ ಬಸವನಹುಳದಂಥ ಒಂದು ಸುರುಳಿ; ಒಳಗೆ ಎಲ್ಲಿ ಏನು ಕೆಟ್ಟಿರಬಹುದೆಂದು ಅದನ್ನೇ ನೋಡುತ್ತ ಕೂತಿದ್ದೆ. ಜನ ಮಾತಾಡುತ್ತಿದ್ದರು, ಒಂದು ಕೂಸು ಅಳುತ್ತಿತ್ತು.

ಅವ್ವ ನನ್ನ ಮೊಣಕೈ ಹಿಡಿದು ಜಗ್ಗಿದಳು. "ಏಳು. ಎರಡು ಸಲ ಕರದ್ರು. ನಿಂದೇ ನಂಬರ್."

ಬಲಕ್ಕೆ ತಿರುಗಿದೆ. ಬಾಗಿಲಲ್ಲಿ ನರ್ಸ್ ನಿಂತು, ಬಾಯಿ ತೆರೆದು, ಮೂರನೆಯ ಸಲ ಕರೆಯುತ್ತಿದ್ದಳು.