ಒಂದು ಕ್ಯಾನಿನಷ್ಟು ಜಾಗ

ಬೆಳಗ್ಗೆ ನಮ್ಮೂರ ಡೇರಿ ಮುಂದೆ ಜನ ಸಾಲು ನಿಲ್ಲುವುದಿಲ್ಲ, ಅವರ ಹಾಲಿನ ಕ್ಯಾನುಗಳು ನಿಲ್ಲುತ್ತವೆ. ಬಂದವರು ಕ್ಯಾನು ಇಟ್ಟು ಜಗಲಿಯ ಮೇಲೆ ಹರಟುತ್ತಾ ಕೂರುತ್ತಾರೆ.

ನನ್ನಕ್ಕ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಯ ಹುಡುಗನನ್ನು ಮೆಚ್ಚಿ ಮದುವೆಯಾದಳು. ಜಾತಿ ಬೇರೆ ಎಂದು ಊರು ಮುಖ ಸಿಂಡರಿಸಿತು. ಊರೆಂದರೆ ಯಾರು? ಹಿಡಿದು ಕೇಳಿದರೆ ಒಬ್ಬರೂ ಸಿಗುವುದಿಲ್ಲ. ಆದರೂ ಅಕ್ಕ ಗಂಡನನ್ನು ಒಪ್ಪಿಸಿ, ಊರಂಚಿನಲ್ಲೇ ಬಾಡಿಗೆ ಮನೆ ಹಿಡಿದು ಹಸು ಕಟ್ಟಿದಳು. ಅಮ್ಮನ ಹತ್ತಿರ ಇರಬೇಕು, ಅಷ್ಟೇ ಅವಳ ಆಸೆ. ಅಮ್ಮನಿಗೂ ಅಳಿಯನ ಮೇಲೆ ಸಿಟ್ಟಿರಲಿಲ್ಲ. ಹಿತ್ತಲ ದಾರಿಯಲ್ಲಿ ಹೋಗಿ ಸಾರು ಕೊಟ್ಟು ಬರುತ್ತಿದ್ದಳು.

ಅಕ್ಕ ಮೊದಲ ಸಲ ಡೇರಿಗೆ ಹಾಲು ತಂದ ದಿನ, ಬಂಗಾರಪೇಟೆಗೆ ರೈಲು ಹಿಡಿಯಲು ಹೊರಟಿದ್ದ ನಾನು ರಸ್ತೆಯಲ್ಲೇ ನಿಂತು ನೋಡಿದೆ. ಅವಳು ಅಮ್ಮನ ಕ್ಯಾನಿನ ಹಿಂದೆ ತನ್ನದನ್ನು ಇಟ್ಟಳು. ಯಾರೂ ಬೈಯಲಿಲ್ಲ. ಒಬ್ಬರು ಎದ್ದು ತಮ್ಮ ಕ್ಯಾನನ್ನು ಹೊಂಗೆ ಮರದ ಕೆಳಗೆ ಇಟ್ಟರು. ಇನ್ನೊಬ್ಬರು ಅದರ ಹಿಂದೆ ಇಟ್ಟರು. ಹೀಗೇ ಎಲ್ಲರೂ. ಕೊನೆಗೆ ಉಳಿದದ್ದು ಅಮ್ಮನದು ಮತ್ತು ಅಕ್ಕನದು. ಅಕ್ಕ ಅಮ್ಮನನ್ನೇ ನೋಡುತ್ತಿದ್ದಳು. ಅಮ್ಮ ತಲೆ ತಗ್ಗಿಸಿ ಬಂದು ತನ್ನ ಕ್ಯಾನನ್ನು ಎತ್ತಿಕೊಂಡು ಮರದ ಕಡೆ ಹೋದಳು.

ಅಕ್ಕ ಹಾಲು ಹಾಕದೆ ವಾಪಸಾದಳು. ಹಸು ಮಾರಿ, ಗಂಡನ ಜೊತೆ ಗಣಿ ಕಡೆಯ ಆಂಡರ್ಸನ್‌ಪೇಟೆ ಸೇರಿದಳು. ಮತ್ತೆ ನಮ್ಮೂರಿನ ಕಡೆ ತಲೆ ಹಾಕಲಿಲ್ಲ, ಅಮ್ಮನ ಫೋನೂ ಎತ್ತುವುದಿಲ್ಲ.

"ಎಲ್ಲಾರೂ ಎತ್ಕೊಂಡ್ರು. ನಾನೊಬ್ಬಳು ಎಂಗೆ ಬಿಟ್ಟಿರ್ಲಿ? ನಾಳೆ ಈ ಊರಾಗೆ ನಾನು ಬದುಕ್ಬೇಕಲ್ವಾ?" ಅಂತ ಅಮ್ಮ ಅತ್ತಳು. ನನಗೆ ಸಿಟ್ಟು ಬಂತು, ಅವಳನ್ನು ನೋಡಿದರೆ ಪಾಪವೂ ಅನ್ನಿಸಿತು.

ಮೊದಲು ಕ್ಯಾನು ಎತ್ತಿದ್ದ ಪಕ್ಕದ ಮನೆಯ ಅತ್ತೆ ಈಚೆಗೆ ತಾನಾಗಿಯೇ ಹೇಳಿದಳು: "ನಾವೆಲ್ಲ ನಿಮ್ಮಮ್ಮನ್ನೇ ನೋಡ್ತಿದ್ವಿ ಕಣಮ್ಮಿ. ಆಯಮ್ಮ ಎತ್ದೆ ಇದ್ದಿದ್ರೆ ನಾನೂ ವಾಪಸ್ ತಂದಿಡ್ತಿದ್ದೆ." ಇದನ್ನು ಅಮ್ಮನಿಗೆ ಹೇಳುವ ಧೈರ್ಯ ನನಗಿಲ್ಲ.

ಅಮ್ಮ ಈಗ ದಿನಾ ತನ್ನ ಕ್ಯಾನಿನ ಹಿಂದೆ ಒಂದು ಕ್ಯಾನಿನಷ್ಟು ಜಾಗ ಬಿಡಿಸುತ್ತಾಳೆ. ಮೊನ್ನೆ ಅವಳಿಗೆ ಜ್ವರ, ನಾನು ಹಾಲು ಒಯ್ದೆ. ಹೊಸದಾಗಿ ಮದುವೆಯಾಗಿ ನಮ್ಮೂರಿಗೆ ಬಂದ ಹುಡುಗಿ ನನ್ನ ಕ್ಯಾನಿನ ಹಿಂದೆ ಅಷ್ಟೇ ಜಾಗ ಬಿಟ್ಟು ತನ್ನ ಕ್ಯಾನು ಇಟ್ಟಳು. ಯಾಕಮ್ಮಾ ಅಂದೆ.

"ಗೊತ್ತಿಲ್ಲಕ್ಕಾ, ಎಲ್ಲಾರೂ ಬಿಡ್ತಾರಲ್ಲ" ಅಂದಳು.